ಖಂಡನಾ ಹೇಳಿಕೆ: ಘೋಷಣೆ ಬಜೆಟ್ ಪುಸ್ತಕದಲ್ಲಿ, ಕಡಿತ ಸಂಬಳದ ಚೀಟಿಯಲ್ಲಿ

ಸರ್ಕಾರಿ ನೌಕರರ ಆರೋಗ್ಯ ಭದ್ರತೆಯ ಖರ್ಚನ್ನು ನೌಕರರ ಸಂಬಳಕ್ಕೆ ಹೊರಿಸಿರುವ ರೀತಿಯನ್ನು ನಮ್ಮ ಸಂಘವು ತೀವ್ರವಾಗಿ ಖಂಡಿಸುತ್ತದೆ. ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಗೆ ಬೇಕಾದ ಹಣವನ್ನು ಬಜೆಟ್ಟಿನಲ್ಲೇ ಕಡಿಮೆ ಇಟ್ಟು, ಆ ಕೊರತೆಯನ್ನು ಸಾರಿಗೆ ನಿಗಮಗಳ ಮತ್ತು ಅಲ್ಲಿ ದುಡಿಯುವವರ ತಲೆಗೆ ಕಟ್ಟಿರುವುದನ್ನೂ ಅಷ್ಟೇ ಕಟುವಾಗಿ ಖಂಡಿಸುತ್ತದೆ. ಇವೆರಡು ಬೇರೆ ಬೇರೆ ಇಲಾಖೆಯ ವಿಷಯ, ಒಂದೇ ಹೇಳಿಕೆಯಲ್ಲಿ ಯಾಕೆ ಎಂದು ಕೆಲವರು ಕೇಳಿದ್ದಾರೆ. ನಮ್ಮ ಸದಸ್ಯರಲ್ಲಿ ಕಚೇರಿಯವರೂ ಇದ್ದಾರೆ, ಡಿಪೋದವರೂ ಇದ್ದಾರೆ. ಇಬ್ಬರ ಸಂಬಳದ ಚೀಟಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎರಡರ ಹಿಂದೆಯೂ ಇರುವ ಲೆಕ್ಕ ಒಂದೇ ಎಂಬುದು ನಮಗೆ ಗೊತ್ತಾಯಿತು.

ಮೊದಲೇ ಒಂದು ಮಾತು. ನಗದುರಹಿತ ಚಿಕಿತ್ಸೆಯನ್ನು ಈ ಸಂಘ ವಿರೋಧಿಸುವುದಿಲ್ಲ. ಅದಕ್ಕಾಗಿ ವರ್ಷಗಟ್ಟಲೆ ಮನವಿ ಕೊಟ್ಟವರು ನಾವೇ. ಶಕ್ತಿ ಯೋಜನೆಯನ್ನೂ ವಿರೋಧಿಸುವುದಿಲ್ಲ. 2023ರ ಜೂನ್ 11ರಂದು ಶುರುವಾದ ಯೋಜನೆ 2025ರ ಜುಲೈ ಹೊತ್ತಿಗೆ 500 ಕೋಟಿ ಪ್ರಯಾಣಗಳನ್ನು ದಾಟಿತು. ಮುಖ್ಯಮಂತ್ರಿಗಳೇ ಬಸ್ ಹತ್ತಿ ಟಿಕೆಟ್ ಕೊಟ್ಟರು, ಫೋಟೊಗಳು ಬಂದವು. ಆ 500 ಕೋಟಿ ಟಿಕೆಟ್ ಹರಿದುಕೊಟ್ಟ ಕೈಗಳು ನಮ್ಮ ಸದಸ್ಯರವು. ಗಾರ್ಮೆಂಟ್ಸ್ ಕೆಲಸಕ್ಕೆ, ಕಾಲೇಜಿಗೆ, ಸಂತೆಗೆ, ತವರಿಗೆ ಹೊರಟ ಹೆಣ್ಣುಮಕ್ಕಳು ಬಸ್ಸಿನಲ್ಲಿ ತುಂಬಿರುವುದು ನಮಗೆ ಸಂತೋಷದ ವಿಷಯವೇ. ನಮ್ಮ ಜಗಳ ಯೋಜನೆಗಳ ಜೊತೆಗಲ್ಲ, ಅವುಗಳ ಬಿಲ್ಲು ಯಾರ ಮುಂದೆ ಬಂದು ಕೂರುತ್ತದೆ ಎಂಬುದರ ಬಗ್ಗೆ.

ಆರೋಗ್ಯದ ವಿಷಯಕ್ಕೆ ಬರೋಣ. 2025ರ ಅಕ್ಟೋಬರ್ 1ರಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಜಾರಿಗೆ ಬಂದಿದೆ. ಅದರ ಆದೇಶ 2022ರಲ್ಲೇ ಆಗಿತ್ತು. ಕಡತ ಮೂರು ವರ್ಷ ಓಡಾಡಿ, ಈಗ ನೌಕರರ ಬಳಿಗೆ ಬಂದಿರುವಾಗ ಜೊತೆಗೊಂದು ವಂತಿಗೆಯನ್ನು ಕರೆದುಕೊಂಡು ಬಂದಿದೆ. ‘ಎ’ ದರ್ಜೆಗೆ ತಿಂಗಳಿಗೆ 1,000 ರೂಪಾಯಿ, ‘ಬಿ’ ದರ್ಜೆಗೆ 500, ‘ಸಿ’ ದರ್ಜೆಗೆ 350, ‘ಡಿ’ ದರ್ಜೆಗೆ 250. ವೇತನದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಿಂದ ತೆಗೆದ ಚೀಟಿಯ ಕಡಿತದ ಕಾಲಂ ಮೊದಲೇ ಉದ್ದವಾಗಿತ್ತು: ಸರ್ಕಾರಿ ಜೀವ ವಿಮೆಯ ಕೆಜಿಐಡಿ, ಸಮೂಹ ವಿಮೆ, ಪಿಂಚಣಿಯ ಎನ್‌ಪಿಎಸ್, ವೃತ್ತಿ ತೆರಿಗೆ. ಆ ವೃತ್ತಿ ತೆರಿಗೆಯೂ 2025-26ರಿಂದ ಫೆಬ್ರುವರಿಯಲ್ಲಿ ಮಾತ್ರ 300, ಉಳಿದ ತಿಂಗಳು 200. ಈಗ ಆ ಸಾಲಿಗೆ ಇನ್ನೊಂದು ಹೆಸರು ಸೇರಿತು.

ಮೇಲ್ನೋಟಕ್ಕೆ ಇದು ನ್ಯಾಯವೇ ಅನ್ನಿಸುತ್ತದೆ: ದೊಡ್ಡವರಿಗೆ ಹೆಚ್ಚು, ಸಣ್ಣವರಿಗೆ ಕಡಿಮೆ. ಕಾಗದ ಪೆನ್ಸಿಲ್ ತೆಗೆದುಕೊಂಡು ಕೂತರೆ ಬೇರೆಯೇ ಕಾಣುತ್ತದೆ. ಏಳನೇ ವೇತನ ಆಯೋಗದ ನಂತರ ರಾಜ್ಯದಲ್ಲಿ ಅತಿ ಕಡಿಮೆ ಮೂಲವೇತನ 27,000 ರೂಪಾಯಿ, ಅತಿ ಹೆಚ್ಚು 2,41,200. ಕೆಳಗಿನ ಜವಾನನಿಗೆ 250 ರೂಪಾಯಿ ಎಂದರೆ ಮೂಲವೇತನದ ಸುಮಾರು ಶೇ 0.93. ಮೇಲಿನ ಅಧಿಕಾರಿಗೆ 1,000 ರೂಪಾಯಿ ಎಂದರೆ ಶೇ 0.41. ಅಂದರೆ ಕಡತ ಹೊತ್ತು ತರುವವನು, ಕಡತಕ್ಕೆ ಸಹಿ ಹಾಕುವವರಿಗಿಂತ ತನ್ನ ಸಂಬಳದ ಎರಡು ಪಟ್ಟು ಪಾಲನ್ನು ಕೊಡುತ್ತಿದ್ದಾನೆ. ಮೂಲವೇತನದ ಇಂತಿಷ್ಟು ಶೇಕಡಾ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಮುಗಿಯುತ್ತಿತ್ತು. ಆರ್ಥಿಕ ಇಲಾಖೆಯವರಿಗೆ ಭಾಗಾಕಾರ ಬರುವುದಿಲ್ಲ ಎಂದು ನಾವು ನಂಬುವುದಿಲ್ಲ.

ಹಳೆಯ ವ್ಯವಸ್ಥೆಯಲ್ಲೂ ಕೊರತೆಗಳಿದ್ದವು, ಒಪ್ಪುತ್ತೇವೆ. 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಪ್ರಕಾರ ಮೊದಲು ಕೈಯಿಂದ ಖರ್ಚು ಮಾಡಿ, ಆಮೇಲೆ ಬಿಲ್ಲು, ಪ್ರಮಾಣಪತ್ರ, ಮೇಲುಸಹಿಗಳನ್ನು ಹೊತ್ತು ಮೇಜಿನಿಂದ ಮೇಜಿಗೆ ಅಲೆಯಬೇಕಿತ್ತು. 2015ರಲ್ಲಿ ಬಂದ ಜ್ಯೋತಿ ಸಂಜೀವಿನಿ ನಗದುರಹಿತವೇ, ಆದರೆ ಹೃದಯ, ಕ್ಯಾನ್ಸರ್, ನರರೋಗದಂತಹ ಏಳು ಬಗೆಯ ದೊಡ್ಡ ಕಾಯಿಲೆಗಳಿಗೆ ಮಾತ್ರ. ಹಾವು ಕಚ್ಚಿದರೆ, ಡೆಂಗಿ ಬಂದರೆ ಅದರಿಂದ ಉಪಯೋಗವಿರಲಿಲ್ಲ. ಆದರೂ ಆ ಯೋಜನೆಗೆ ನೌಕರ ಒಂದು ಪೈಸೆ ವಂತಿಗೆ ಕಟ್ಟಬೇಕಿರಲಿಲ್ಲ. ವ್ಯಾಪ್ತಿ ಹಿಗ್ಗಿಸಿದ ಸರ್ಕಾರ ಹಿಗ್ಗಿದ್ದಕ್ಕೆ ನಮ್ಮಿಂದ ಹಣ ಕೇಳುವುದಾದರೆ, ಹಿಗ್ಗಿದ್ದು ಕೌಂಟರಿನಲ್ಲಿ ಕಾಣಬೇಕು.

ಕಾಣುತ್ತಿದೆಯೇ? ನಮ್ಮ ಸದಸ್ಯರೊಬ್ಬರು, ‘ಸಿ’ ದರ್ಜೆಯವರು, ಮನೆಯವರಿಗೆ ಮೂತ್ರಕೋಶದ ಕಲ್ಲಿನ ನೋವು ಬಂದಾಗ ರಾತ್ರಿ ಹನ್ನೊಂದಕ್ಕೆ ಆಟೊದಲ್ಲಿ ಕರೆದುಕೊಂಡು ಹೋದರು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಯೇ. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದ್ದು: “ಅಪ್ರೂವಲ್ ಬೆಳಗ್ಗೆ ಬರುತ್ತೆ ಸಾರ್. ಈಗ ಇಪ್ಪತ್ತು ಸಾವಿರ ಅಡ್ವಾನ್ಸ್ ಕಟ್ಟಿ, ಆಮೇಲೆ ನೋಡೋಣ.” ಆ ಹೊತ್ತಿನಲ್ಲಿ ಯೋಜನೆಯ ಆದೇಶದ ಪ್ರತಿ ತೋರಿಸುತ್ತಾ ನಿಂತರೆ ಹೆಂಡತಿಯ ನೋವು ಕಡಿಮೆಯಾಗುವುದಿಲ್ಲ. ತಮ್ಮನಿಗೆ ಫೋನ್ ಮಾಡಿ ದುಡ್ಡು ಹಾಕಿಸಿಕೊಂಡರು. ಆ ಅಡ್ವಾನ್ಸ್ ಇನ್ನೂ ವಾಪಸು ಬಂದಿಲ್ಲ. ವಂತಿಗೆ ಮಾತ್ರ ಒಂದು ದಿನವೂ ತಡವಾಗದೆ ಕಡಿತವಾಗಿದೆ. ಒಂದು ಪ್ರಕರಣದಿಂದ ಇಡೀ ಯೋಜನೆಯನ್ನು ಅಳೆಯಲು ನಾವು ಹೊರಟಿಲ್ಲ. ವಸೂಲಿಗೆ ಇರುವ ಶಿಸ್ತು ಸೇವೆಗೂ ಇರಲಿ ಎನ್ನುತ್ತೇವೆ.

ಕೆಜಿಐಡಿಯನ್ನು ತೋರಿಸಿ, ಅದಕ್ಕೂ ಪ್ರತಿ ತಿಂಗಳು ಕಟ್ಟುತ್ತೀರಲ್ಲ, ಇದಕ್ಕೇನು ಎನ್ನುವವರಿದ್ದಾರೆ. ಕೆಜಿಐಡಿಯ ಮೂಲ 1891ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಅರಸರ ಸರ್ಕಾರ ತನ್ನ ನೌಕರರಿಗೆ ತಾನೇ ಜೀವ ವಿಮೆ ಮಾಡಿತು. ಅಲ್ಲಿ ಕಟ್ಟಿದ ಕಂತು ಬೋನಸ್ಸಿನ ಸಮೇತ ನಿವೃತ್ತಿಯ ಹೊತ್ತಿಗೆ ಕೈಗೆ ಬರುತ್ತದೆ, ನಡುವೆ ಸಾಲಕ್ಕೂ ಒದಗುತ್ತದೆ. ಅದು ಉಳಿತಾಯ. ಆರೋಗ್ಯದ ವಂತಿಗೆ ತಿರುಗಿ ಬರುವ ಹಣವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಸಾರಿಗೆಯ ಕಥೆ ಇನ್ನೂ ಗಂಭೀರ, ಅದಕ್ಕೇ ಸ್ವಲ್ಪ ಹೊತ್ತು ಇಲ್ಲಿ ನಿಲ್ಲುತ್ತೇವೆ.

ನಿರ್ವಾಹಕ ರಾತ್ರಿ ಡಿಪೋಗೆ ಬಂದು ದಿನದ ಟಿಕೆಟ್ ಲೆಕ್ಕದ ವೇಬಿಲ್ ಮುಚ್ಚುವಾಗ ಅವನ ಮುಂದೆ ಎರಡು ಲೆಕ್ಕಗಳಿರುತ್ತವೆ. ಒಂದು, ಚೀಲದಲ್ಲಿರುವ ನಗದು. ಇನ್ನೊಂದು, ಕೊಟ್ಟ ಶೂನ್ಯ ಟಿಕೆಟ್‌ಗಳ ಮೌಲ್ಯ. ಹೆಣ್ಣುಮಗಳ ಕೈಗೆ ಹೋಗುವ ಟಿಕೆಟ್ಟಿಗೆ ಆಕೆ ಕೊಡಬೇಕಾದದ್ದು ಸೊನ್ನೆ. ನಿಗಮಕ್ಕೆ ಅದು ಸೊನ್ನೆಯಲ್ಲ, ಸರ್ಕಾರದಿಂದ ಬರಬೇಕಾದ ಸಾಲ. ಕೊಡಬೇಕಾದ ಶೂನ್ಯ ಟಿಕೆಟ್ ಒಂದನ್ನು ಕೊಡದಿದ್ದರೂ, ಇಲ್ಲದ ಪ್ರಯಾಣಿಕರ ಹೆಸರಿನಲ್ಲಿ ಒಂದನ್ನು ಹೆಚ್ಚಿಗೆ ಹರಿದರೂ ತನಿಖೆಯವರು ಮೆಮೊ ಕೊಡುತ್ತಾರೆ, ಅಮಾನತೂ ಆಗುತ್ತದೆ. ಸರಿ, ಸಾರ್ವಜನಿಕ ಹಣದ ವಿಷಯದಲ್ಲಿ ಅಷ್ಟು ಬಿಗಿ ಬೇಕು. ಆದರೆ ಅದೇ ಟಿಕೆಟ್ಟುಗಳ ಹಣವನ್ನು ನಿಗಮಗಳಿಗೆ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಳ್ಳುವ ಆರ್ಥಿಕ ಇಲಾಖೆಗೆ ಮೆಮೊ ಕೊಡುವವರು ಯಾರು?

ಬಾಕಿ ಆಮೇಲಿನ ಮಾತು, ಹಂಚಿಕೆಯಲ್ಲೇ ಕೊರತೆಯಿದೆ. 2024-25ರ ಬಜೆಟ್ಟಿನಲ್ಲಿ ಶಕ್ತಿಗೆ ಇಟ್ಟದ್ದು 5,015 ಕೋಟಿ ರೂಪಾಯಿ. ಅದಾದ ಮೇಲೆ, 2025ರ ಜನವರಿ 5ರಿಂದ ನಾಲ್ಕೂ ನಿಗಮಗಳ ಪ್ರಯಾಣ ದರವನ್ನು ಸರ್ಕಾರವೇ ಶೇ 15ರಷ್ಟು ಏರಿಸಿತು. ಮಾರ್ಚ್ 7ರಂದು ಮುಖ್ಯಮಂತ್ರಿಗಳು ಮಂಡಿಸಿದ 4,09,549 ಕೋಟಿಯ ಬಜೆಟ್ಟಿನಲ್ಲಿ ಶಕ್ತಿಗೆ ಇಟ್ಟದ್ದು 5,300 ಕೋಟಿ. ಏರಿಕೆ ಶೇ 6 ಕೂಡ ಇಲ್ಲ. ಹಿಂದಿನ ವರ್ಷದ ಮೊತ್ತ ಸಾಕಾಗಿತ್ತು ಎಂದೇ ಇಟ್ಟುಕೊಂಡರೂ, ಒಬ್ಬ ಹೆಣ್ಣುಮಗಳೂ ಹೆಚ್ಚಿಗೆ ಬಸ್ ಹತ್ತಲಿಲ್ಲ ಎಂದೇ ಇಟ್ಟುಕೊಂಡರೂ, ಹೊಸ ದರದಲ್ಲಿ ಬೇಕಾಗುವುದು 5,767 ಕೋಟಿ. 467 ಕೋಟಿ ರೂಪಾಯಿ ಬಜೆಟ್ ಪುಸ್ತಕ ಅಚ್ಚಾಗುವ ದಿನವೇ ಕೊರತೆ. ಟಿಕೆಟ್ ದರ ಏರಿಸುವಾಗ ಮಾಡಿದ ಗುಣಾಕಾರವನ್ನು ಹಣ ಕೊಡುವಾಗ ಮರೆತದ್ದು ಕೈತಪ್ಪು ಎಂದು ನಾವು ಒಪ್ಪುವುದಿಲ್ಲ.

ದರ ಏರಿಕೆಗೆ ಸರ್ಕಾರ ಕೊಟ್ಟ ಕಾರಣವೂ ನೆನಪಿದೆ: ಡೀಸೆಲ್ ಖರ್ಚು. ಹತ್ತು ವರ್ಷದಲ್ಲಿ ನಿಗಮಗಳ ಇಂಧನ ವೆಚ್ಚ ದಿನಕ್ಕೆ 9.16 ಕೋಟಿಯಿಂದ 13.21 ಕೋಟಿಗೆ ಏರಿದೆ ಎಂದು ಆಗ ಹೇಳಿದರು. ನಿಜ. ಆದರೆ ಮೂರು ತಿಂಗಳು ಕಳೆಯುವುದರೊಳಗೆ, ಏಪ್ರಿಲ್ 1ರಂದು, ಅದೇ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿತು. ಲೀಟರಿಗೆ ಎರಡು ರೂಪಾಯಿ. ಡೀಸೆಲ್ ದುಬಾರಿಯಾಯಿತು ಎಂದು ಟಿಕೆಟ್ ದರ ಏರಿಸಿದವರೇ ಡೀಸೆಲನ್ನು ಇನ್ನಷ್ಟು ದುಬಾರಿ ಮಾಡಿದರು.

ಅದಕ್ಕೂ ಮೊದಲು 2,000 ಕೋಟಿಯ ಸಾಲದ ಪ್ರಸಂಗ. ಭವಿಷ್ಯನಿಧಿ ಮತ್ತು ಇಂಧನದ ಬಾಕಿ ತೀರಿಸಲು ನಿಗಮಗಳು ಬ್ಯಾಂಕುಗಳಿಂದ ಸಾಲ ಎತ್ತಬಹುದು, ಸರ್ಕಾರ ಖಾತರಿ ನಿಲ್ಲುತ್ತದೆ ಎಂದು ಸಂಪುಟ ತೀರ್ಮಾನಿಸಿತು. ಇದನ್ನು ಔದಾರ್ಯವೆಂದು ಹೇಳಿಕೊಂಡರು. ನಿಗಮಗಳಿಗೆ ಸರ್ಕಾರವೇ ಕೊಡಬೇಕಾದ ಹಣವಿದೆ, ಅದನ್ನು ಕೊಡುವ ಬದಲು ಬಡ್ಡಿಗೆ ಸಾಲ ತೆಗೆದುಕೊಳ್ಳಲು ಅಪ್ಪಣೆ! ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುವುದು ಇದಕ್ಕೇ. ಭವಿಷ್ಯನಿಧಿ ಎಂಬ ಪದವನ್ನು ಇಲ್ಲಿ ಇನ್ನೊಮ್ಮೆ ಓದಬೇಕೆಂದು ಕೋರುತ್ತೇವೆ. ಅದು ನೌಕರನ ಸಂಬಳದಿಂದ ಮುರಿದುಕೊಂಡ, ಅವನ ಖಾತೆಗೆ ಕಟ್ಟಲೇಬೇಕಾಗಿದ್ದ ದುಡ್ಡು.

ಇಷ್ಟೆಲ್ಲ ಆದ ಮೇಲೆ ಸಾರಿಗೆ ನೌಕರರು ಹಿಂಬಾಕಿ ಕೇಳಿದರೆ ಖಜಾನೆ ಖಾಲಿ ಎಂಬ ಉತ್ತರ. 2020ರ ಜನವರಿ 1ರಿಂದ 2023ರ ಫೆಬ್ರುವರಿ 28ರವರೆಗಿನ 38 ತಿಂಗಳ ವೇತನ ಹಿಂಬಾಕಿ, ಸುಮಾರು 1,800 ಕೋಟಿ ರೂಪಾಯಿ, ಇನ್ನೂ ಬರಬೇಕು. 2024ರ ಜನವರಿ 1ರಿಂದ ಆಗಬೇಕಿದ್ದ ವೇತನ ಪರಿಷ್ಕರಣೆಯೂ ಹಾಗೇ ಇದೆ. ಈ ಬೇಡಿಕೆಗಳಿಗಾಗಿ 2025ರ ಆಗಸ್ಟ್ 5ರಂದು ಬಸ್ಸುಗಳು ನಿಂತವು. ಹೈಕೋರ್ಟಿನ ಆದೇಶಕ್ಕೆ ತಲೆಬಾಗಿ ಕಾರ್ಮಿಕರು ಮುಷ್ಕರ ಕೈಬಿಟ್ಟು ಸ್ಟೇರಿಂಗಿಗೆ ಮರಳಿದರು. ಆ ಒಂದು ದಿನ ನಿಲ್ದಾಣಗಳಲ್ಲಿ ಜನರಿಗೆ ಆದ ತೊಂದರೆಗೆ ನಮಗೂ ವಿಷಾದವಿದೆ. 38 ತಿಂಗಳ ತೊಂದರೆಗೆ ವಿಷಾದ ಯಾರು ಹೇಳಬೇಕು? ಆ ಅವಧಿಯಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ತೀರಿಕೊಂಡವರಿದ್ದಾರೆ. ಅವರ ಮನೆಯವರು ಈಗಲೂ ಡಿಪೋಗೆ ಬಂದು “ಏನಾದ್ರೂ ಆಯ್ತಾ ಅಣ್ಣ?” ಎಂದು ಕೇಳಿ ಹೋಗುತ್ತಾರೆ.

ಇನ್ನು ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಡುವ ಮಾತು. ಕೆಎಸ್‌ಆರ್‌ಟಿಸಿಯಲ್ಲಿ 2025ರ ಜನವರಿಯಲ್ಲಿ ಶುರುವಾದ ಆರೋಗ್ಯ ಯೋಜನೆಗೆ ನೌಕರನ ಸಂಬಳದಿಂದ ತಿಂಗಳಿಗೆ 650 ರೂಪಾಯಿ ಹೋಗುತ್ತದೆ. ಸಚಿವಾಲಯದ ‘ಬಿ’ ದರ್ಜೆಯ ಅಧಿಕಾರಿ ಕಟ್ಟುವುದು 500. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಕಟ್ಟುವುದು ಅದಕ್ಕಿಂತ ಹೆಚ್ಚು. ಹಗಲಿಡೀ ಹೊಗೆ ಕುಡಿದು, ಬೆನ್ನು ನೋವು, ಸಕ್ಕರೆ ಕಾಯಿಲೆ ಹತ್ತಿಸಿಕೊಳ್ಳುವ ಕೆಲಸ ಯಾರದ್ದು ಎಂದು ಯಾವ ಡಿಪೋದ ವೈದ್ಯರನ್ನಾದರೂ ಕೇಳಿ. ಆ ಯೋಜನೆ ಕೂಡದು ಎಂದಲ್ಲ. ಜಯದೇವದಂತಹ ಆಸ್ಪತ್ರೆಯ ಬಾಗಿಲು ನಗದಿಲ್ಲದೆ ತೆರೆಯುವುದು ದೊಡ್ಡ ಸಹಾಯವೇ. ಆದರೆ ಒಂದೇ ರಾಜ್ಯದ ಸೇವೆಯಲ್ಲಿ ಹೆಚ್ಚು ಕಷ್ಟದ ಕೆಲಸಕ್ಕೆ ಹೆಚ್ಚು ವಂತಿಗೆ ಎಂಬ ನಿಯಮ ಎಲ್ಲಿಂದ ಬಂತು?

ಎರಡೂ ಕಡೆ ನಡೆದದ್ದು ಒಂದೇ. ಘೋಷಣೆಯ ಹೊತ್ತಿಗೆ ಚಪ್ಪಾಳೆ ಸರ್ಕಾರಕ್ಕೆ, ತಿಂಗಳ ಕೊನೆಗೆ ಖರ್ಚು ನೌಕರನಿಗೆ. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ. ಸಾರಿಗೆ ನೌಕರರ ಹಿಂಬಾಕಿ ಬೆಳೆದದ್ದು ಹಿಂದಿನ ಸರ್ಕಾರದ ಕಾಲದಲ್ಲೇ ಎಂಬುದನ್ನು ನಾವು ಮರೆತಿಲ್ಲ. 38 ತಿಂಗಳೂ ಈಗಿನವರ ಅಧಿಕಾರದ ಮೊದಲಿನವೇ. ಆದ್ದರಿಂದ ಈ ಹೇಳಿಕೆಯನ್ನು ಎತ್ತಿಕೊಂಡು ಕುಣಿಯಲು ವಿರೋಧ ಪಕ್ಷದವರಿಗೂ ಅರ್ಹತೆಯಿಲ್ಲ.

ಮುಂದಿನ ಬಜೆಟ್ಟಿನ ತಯಾರಿ ಶುರುವಾಗುವ ಮೊದಲು ಸರ್ಕಾರ ಆರೋಗ್ಯ ಸಂಜೀವಿನಿಯ ವಂತಿಗೆಯನ್ನು ಕೈಬಿಡಬೇಕು. ಆಗದಿದ್ದರೆ ಮೂಲವೇತನದ ಶೇಕಡಾವಾರು ಮಾಡಿ, ‘ಡಿ’ ದರ್ಜೆಯನ್ನು ಪೂರ್ತಿ ಹೊರಗಿಡಬೇಕು. ಸಂಗ್ರಹವಾದ ವಂತಿಗೆ ಎಷ್ಟು, ಆಸ್ಪತ್ರೆಗಳಿಗೆ ಕೊಟ್ಟದ್ದೆಷ್ಟು, ತಿರಸ್ಕರಿಸಿದ ಕೋರಿಕೆಗಳೆಷ್ಟು ಎಂಬುದನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ತುರ್ತು ದಾಖಲಾತಿಗೆ ಮುಂಗಡ ಕೇಳುವ ಆಸ್ಪತ್ರೆಯನ್ನು ಪಟ್ಟಿಯಿಂದ ತೆಗೆಯಬೇಕು. ನಿವೃತ್ತರಿಗೂ ಸಾರಿಗೆ ನೌಕರರಿಗೂ ಇದೇ ಭದ್ರತೆ ಸಿಗಬೇಕು. ಶಕ್ತಿಯ ಹಣವನ್ನು ಜಾರಿಯಲ್ಲಿರುವ ಟಿಕೆಟ್ ದರದ ಮೇಲೆ ಲೆಕ್ಕ ಹಾಕಿ, ತಿಂಗಳ ಮೊದಲ ವಾರದೊಳಗೆ ನಿಗಮಗಳ ಖಾತೆಗೆ ಕಟ್ಟಬೇಕು. ನಿಗಮಗಳು ಕೊಳ್ಳುವ ಡೀಸೆಲ್‌ಗೆ ಮಾರಾಟ ತೆರಿಗೆ ವಿನಾಯಿತಿ ಕೊಡಬೇಕು. 38 ತಿಂಗಳ ಹಿಂಬಾಕಿಯನ್ನು, ಮೃತರ ಮತ್ತು ನಿವೃತ್ತರ ಪಾಲಿನಿಂದ ಶುರುಮಾಡಿ, ದಿನಾಂಕ ಸಮೇತ ಕಂತುಗಳಲ್ಲಿ ಕೊಡುವ ಆದೇಶ ಹೊರಬೀಳಬೇಕು. ಮನವಿ ಪತ್ರದ ಮೇಲೆ “ಪರಿಶೀಲಿಸಿ” ಎಂದು ಷರಾ ಬರೆದು ಕಳಿಸಿದರೆ ಅದನ್ನು ಉತ್ತರವೆಂದು ನಾವು ಪರಿಗಣಿಸುವುದಿಲ್ಲ.

ಇದೇ ಸೋಮವಾರದಿಂದ ನಮ್ಮ ಸದಸ್ಯರು ಕಚೇರಿಯಲ್ಲೂ ಬಸ್ಸಿನಲ್ಲೂ ಕಪ್ಪು ಪಟ್ಟಿ ಕಟ್ಟಿ ಕೆಲಸ ಮಾಡುತ್ತಾರೆ. ಯಾವ ಸೇವೆಯೂ ನಿಲ್ಲುವುದಿಲ್ಲ, ಯಾವ ಬಸ್ಸೂ ತಡವಾಗುವುದಿಲ್ಲ. ಪ್ರತಿಯೊಬ್ಬ ಸದಸ್ಯರೂ ತಮ್ಮ ಅಕ್ಟೋಬರ್ ತಿಂಗಳ ಸಂಬಳದ ಚೀಟಿಯ ನಕಲಿಗೆ ಸಹಿ ಹಾಕಿ, ಕಡಿತದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಜಿಲ್ಲಾಧಿಕಾರಿಗಳ ಮೂಲಕ ಮುಖ್ಯಮಂತ್ರಿಗಳಿಗೆ ತಲುಪಿಸುತ್ತಾರೆ.

ಕಾರ್ಯಕಾರಿ ಸಮಿತಿಯ ಪರವಾಗಿ
ಅಧ್ಯಕ್ಷರು ಮತ್ತು ಪ್ರಧಾನ ಕಾರ್ಯದರ್ಶಿ