ಕಿಟ್ ಬಂದ್ಮೇಲೆ ಪೇಂಟ್ ಮಾಡ್ತೀನಿ ಅನ್ನೋರಿಗೆ

ಬೇಸಿಗೆ ರಜೆ ಸರಣಿ, ಭಾಗ 3

ರಜೆಗೆ ಏನ್ ಮಾಡ್ತೀರಾ ಅಂತ ಸ್ಟೋರಿಯಲ್ಲಿ ಕೇಳಿದ್ದಕ್ಕೆ ಸುಮಾರು ಜನ "ಪೇಂಟಿಂಗ್, ಆದ್ರೆ ಕಿಟ್ ಇಲ್ಲ" ಅಂದಿದ್ದೀರಿ. ಆ "ಆದ್ರೆ" ಬಗ್ಗೆನೇ ನನ್ನ ತಕರಾರು. ರೀಲ್ಸ್‌ನಲ್ಲಿ ಈಸೆಲ್ಲು, 48 ಬಣ್ಣದ ಡಬ್ಬಿ ತೋರಿಸಿ ತೋರಿಸಿ, ಚಿತ್ರ ಬರೆಯೋದು ದುಡ್ಡಿರೋರ ಕೆಲಸ ಅನ್ನೋ ಹಾಗೆ ಮಾಡಿಬಿಟ್ಟಿದ್ದಾರೆ. ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕಲ್ಲಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಯಾವುದೇ ಇರಲಿ, ಎಷ್ಟೋ ಹಳ್ಳಿಯ ಮಕ್ಕಳು ಬಣ್ಣ ತರೋಕೆ ಬಸ್ ಹತ್ತಬೇಕು. ಕಾಯ್ತಾ ಕೂತ್ರೆ ಮೇ ಮುಗಿದೇ ಹೋಗುತ್ತೆ.

ಪರೀಕ್ಷೆಗೆ ಒಯ್ದ ಎಕ್ಸಾಂ ಪ್ಯಾಡೇ ಬೋರ್ಡು. ಪೇಪರ್ರು? ಮನೆಗೆ ಬಂದು ಬಿದ್ದಿರೋ ಮದುವೆ ಪತ್ರಿಕೆಗಳ ಖಾಲಿ ಬದಿ. ನೋಟ್‌ಬುಕ್ ಹಾಳೆಗಿಂತ ದಪ್ಪ, ಒದ್ದೆಯಾದ್ರೂ ಬೇಗ ಸುರುಟಲ್ಲ. ಮಿಂಚೋ ಪತ್ರಿಕೆ ಮಾತ್ರ ಬೇಡ, ಬಣ್ಣ ಹಿಡಿಯಲ್ಲ. ಬಣ್ಣ ಕಲೆಸೋಕೆ ತೆಂಗಿನ ಚಿಪ್ಪು.

ಇನ್ನು ಬಣ್ಣ. ಇದ್ರಲ್ಲಿ ನಾವು ಬಡವರಲ್ಲ ಕಣ್ರೋ. ಕೆಮ್ಮಣ್ಣನ್ನ ನೀರಲ್ಲಿ ಚೆನ್ನಾಗಿ ಕದಡಿ, ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಹೋಗುತ್ತೆ. ಮೇಲಿನ ಕೆಂಪು ನೀರನ್ನ ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯೆಲ್ಲ ಇಡಿ. ಬೆಳಗ್ಗೆ ತಳದಲ್ಲಿ ಬೆಣ್ಣೆ ಥರ ನುಣ್ಣಗಿರೋದೇ ನಿಮ್ಮ ಬಣ್ಣ. ಕಪ್ಪಿಗೆ ಒಲೆಯ ಇದ್ದಿಲು. ಹಳದಿಗೆ ಅರಿಶಿನ, ಅದಕ್ಕೆ ಚಿಟಿಕೆ ತಿನ್ನೋ ಸುಣ್ಣ ಸೇರಿಸಿದ್ರೆ ಆರತಿ ನೀರಿನ ಕೆಂಪು (ಸುಣ್ಣ ಕಣ್ಣಿಗೆ ತಾಗದ ಹಾಗೆ ಹುಷಾರು). ಅರಿಶಿನ ಬಿಸಿಲಿಗೆ ಮಾಸುತ್ತೆ. ಕೆಮ್ಮಣ್ಣು ಮಾಸಲ್ಲ, ಅದರ ಕೆಂಪು ಕಬ್ಬಿಣದ ಆಕ್ಸೈಡಿಂದು. ಹಿಂದೂಪುರ ದಾಟಿದ್ರೆ ಸಿಗೋ ಲೇಪಾಕ್ಷಿ ದೇವಸ್ಥಾನದ ಚಾವಣಿ ನೋಡಿ: 16ನೇ ಶತಮಾನದ ಚಿತ್ರಗಳು, ಮಣ್ಣು-ಖನಿಜದ ಬಣ್ಣಗಳು, ಇವತ್ತಿಗೂ ಕಾಣ್ತವೆ.

ಬರೀ ಮಣ್ಣು ಹಚ್ಚಿದ್ರೆ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತೆ, ಅಂಟು ಬೇಕು. ಹುಣಸೆಹಣ್ಣು ಬಿಡಿಸಿದ ಮನೆಗಳಲ್ಲಿ ಬೀಜಕ್ಕೇನು ಬರವೇ? ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ, ಗಂಜಿ ಥರ ಕುದಿಸಿ ಬಟ್ಟೆಯಲ್ಲಿ ಸೋಸಿ. ಒಡಿಶಾದ ಪಟಚಿತ್ರದವರು ಬಟ್ಟೆ ಹದ ಮಾಡೋದು ಇದೇ ಅಂಟಲ್ಲಿ. ದಿನಕ್ಕೆ ಬೇಕಾದಷ್ಟೇ ಮಾಡಿ, ಈ ಸೆಕೆಗೆ ಬೇಗ ಹಳಸುತ್ತೆ.

ದುಡ್ಡು ಕೊಡೋದಾದ್ರೆ ಬ್ರಷ್‌ಗೆ ಕೊಡಿ. ಕೂದಲು ಉದುರೋ 12ರ ಸೆಟ್ಟಿಗಿಂತ 6ನೇ ನಂಬರಿನ ಒಂದೇ ಒಂದು ರೌಂಡ್ ಬ್ರಷ್ ಮೇಲು. ಅದೂ ಸಿಗಲಿಲ್ವಾ, ಬೇವಿನ ಕಡ್ಡಿ ತುದಿ ಜಗಿದು ನಾರು ಮಾಡ್ಕೊಳ್ಳಿ.

ನೀಲಿ ಒಂದು ನಮ್ಮ ಮಣ್ಣಲ್ಲಿ ಸಿಗಲ್ಲ. ಪಾವಗಡದವರು 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬರೆಯೋಕೆ ಹೊರಟ್ರೆ ನೀಲಿ ಬೇಕೇ ಬೇಕು. ಬಟ್ಟೆಗೆ ಹಾಕೋ ನೀಲಿ ಎರಡು ಹನಿ ಸಾಕು. ಸ್ವಲ್ಪ ನೇರಳೆಗೆ ವಾಲುತ್ತೆ, ವಾಲಲಿ.

ಕೂರೋದು ಬೆಳಗ್ಗೆ 9ರ ಒಳಗೆ, ಜಗುಲಿ ಮೇಲೋ ಹೊಂಗೆ ನೆರಳಲ್ಲೋ. ನೇರ ಬಿಸಿಲಲ್ಲಿ ಬಿಳಿ ಹಾಳೆ ಕಣ್ಣು ಕುಕ್ಕುತ್ತೆ, ಬಣ್ಣ ಹಚ್ಚೋ ಮೊದಲೇ ಒಣಗುತ್ತೆ. ನೀರು ಒಂದೇ ಲೋಟ. ಕೊಡಕ್ಕೆ ಕ್ಯೂ ನಿಲ್ಲೋ ಊರಲ್ಲಿ ಬ್ರಷ್ ತೊಳೆಯೋಕೆ ನಲ್ಲಿ ಬಿಡೋದು ನನಗೆ ಒಪ್ಪಿಗೆ ಇಲ್ಲ.

ಚಿತ್ರದ ಹಿಂದೆ ಮಣ್ಣು ಯಾವ ಊರಿಂದು ಅಂತ ಬರೆದು ನನಗೆ ಟ್ಯಾಗ್ ಮಾಡಿ. ನಾಲ್ಕೂ ತಾಲ್ಲೂಕಿನ ಕೆಂಪನ್ನ ಒಂದೇ ಪೋಸ್ಟಲ್ಲಿ ಪಕ್ಕಪಕ್ಕ ಇಟ್ಟು ನೋಡ್ಬೇಕು.