ಆಗಲ್ಲ ಅನ್ನುವವನಿಗೆ ಸಂಬಳ ಕೊಡಿ

ದುಡ್ಡಿದ್ದವರ ಮನೆಗೆ ಆಳು ಬೇಕಾದಾಗ ಮೊದಲು ಬರುವ ಮಾತು ನಿಯತ್ತು. ಅಡುಗೆಯವನಿಗೆ ನಿಯತ್ತಿರಬೇಕು, ಗೇಟು ಕಾಯುವವನಿಗೆ ನಿಯತ್ತಿರಬೇಕು, ನಾಯಿಗಂತೂ ಅದು ಹುಟ್ಟುಗುಣ. ಈಗ ಕೋಟಿಗಟ್ಟಲೆ ಸುರಿದು ಸ್ವಂತ ಜೆಟ್ ತಂದವರು ಅದರ ಮೂತಿಯಲ್ಲಿ ಕೂರಿಸುವ ಮನುಷ್ಯನಲ್ಲೂ ಅದನ್ನೇ ಹುಡುಕುತ್ತಿದ್ದಾರೆ. ವಿಮಾನ ಆರಿಸುವಾಗ ಎಂಜಿನ್ ಯಾವುದು, ರೇಂಜ್ ಎಷ್ಟು, ಸೀಟಿನ ಚರ್ಮ ಯಾವ ದೇಶದ್ದು ಎಂದೆಲ್ಲ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ಪೈಲಟ್ ವಿಷಯ ಬಂದಾಗ ಕೇಳುವುದು ಇಷ್ಟೇ: ಹೇಳಿದ ಮಾತು ಕೇಳ್ತಾನಾ?

ನನಗೆ ಪರಿಚಯದ ಒಬ್ಬ ಕ್ಯಾಪ್ಟನ್ ಇಂಥದೊಂದು ಸಂದರ್ಶನಕ್ಕೆ ಹೋಗಿದ್ದ. ಬೆಂಗಳೂರಿನ ದೊಡ್ಡ ಮನೆ, ಹೆಸರು ಬೇಡ. ತೊಡೆಯ ಮೇಲೆ ಲಾಗ್‌ಬುಕ್ ಇಟ್ಟುಕೊಂಡು ಮುಕ್ಕಾಲು ಗಂಟೆ ಕೂತಿದ್ದನಂತೆ. ಐದು ಸಾವಿರ ಚಿಲ್ಲರೆ ಗಂಟೆ ಹಾರಿದ ಲೆಕ್ಕ, ಒಂದೊಂದು ಸಾಲೂ ಅವನದೇ ಕೈಬರಹ, ಒಂದೆರಡು ಪುಟದಲ್ಲಿ ಕಾಫಿ ಕಲೆ. ಮ್ಯಾನೇಜರ್ ಅದನ್ನು ಬಿಚ್ಚಿ ನೋಡಲೇ ಇಲ್ಲ. 'ತಾವು ಯಾವ ಕಡೆಯವರು?' ಅಂದ. ಜಾತಿ ಕೇಳುವುದಕ್ಕೆ ನಮ್ಮ ಸಭ್ಯರು ಕಂಡುಕೊಂಡ ದಾರಿ ಅದು. ಆಮೇಲೆ, ಮೇಡಮ್ಮನವರ ನಾಯಿ ಜೊತೆಗೇ ಬರುತ್ತೆ, ನಿಮಗೆ ಆಗುತ್ತಾ? ಲಗೇಜ್ ಇಳಿಸೋಕೆ ಕೈ ಹಾಕ್ತೀರಾ? ಕೊನೆಗೆ, ಸಾಹೇಬರು ರಾತ್ರಿ ಎರಡು ಗಂಟೆಗೆ ಹೊರಡೋಣ ಅಂದರೆ?

'ಹಗಲೆಲ್ಲ ಹಾರಿಸಿದ್ರೆ ಆಗಲ್ಲ ಸರ್. ಡ್ಯೂಟಿ ಟೈಮ್ ಅಂತ ಒಂದಿರುತ್ತೆ.'

ಮ್ಯಾನೇಜರ್ ಫೈಲು ಮುಚ್ಚಿದ. 'ನಮಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋರು ಬೇಕು ಕ್ಯಾಪ್ಟನ್.'

ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಬೆಂಗಳೂರಿನಲ್ಲಿ ದಿನಕ್ಕೆ ಲಕ್ಷ ಸಲ ಉರುಳುವ ಮಾತು. ಬಸ್ಸಿನ ಸೀಟಿನಲ್ಲಿ ಮೂರನೆಯವನಿಗೆ ಜಾಗ ಬಿಡಲು ಅದು ಚೆಂದ. ಮೋಡದೊಳಗಿನ ಗುಡ್ಡ ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲ.

ಈ ಕತೆ ಕೇಳಿದಾಗ ನನಗೆ ನೆನಪಾದದ್ದು ಅಪ್ಪ. ಅಪ್ಪ ಮೂಡಿಗೆರೆ ಕಡೆಯ ಒಬ್ಬ ಎಸ್ಟೇಟ್ ಸಾವ್ಕಾರ್ರ ಅಂಬಾಸಿಡರ್ ಓಡಿಸುತ್ತಿದ್ದ. ಜುಲೈ ತಿಂಗಳ ಒಂದು ರಾತ್ರಿ ಮಂಗಳೂರಿಗೆ ಹೊರಟಿದ್ದಾರೆ. ಕೊಟ್ಟಿಗೆಹಾರ ಮುಟ್ಟುವಾಗಲೇ ಮಂಜು ಬಾನೆಟ್ಟಿನ ಮೇಲೆ ಬಂದು ಕೂತಿತ್ತು. ಮುಂದೆ ಚಾರ್ಮಾಡಿ ಘಾಟಿ. ಅಪ್ಪ ಒಂದು ಮುಚ್ಚಿದ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, 'ಸಾವ್ಕಾರ್ರೇ, ಬೆಳಗಾಗ್ಲಿ. ರಸ್ತೆಯ ಅಂಚೇ ಕಾಣ್ತಿಲ್ಲ' ಅಂದ. ಹಿಂದಿನ ಸೀಟಿನಿಂದ ಬಂದ ಉತ್ತರವನ್ನು ಅಪ್ಪ ಸಾಯುವತನಕ ಹಾಗೆಹಾಗೇ ಹೇಳುತ್ತಿದ್ದ: 'ಗಾಡಿ ನಂದು, ಡೀಸೆಲ್ ನಂದು, ಸಂಬಳ ನಂದು. ಹೆದ್ರಿಕೆ ಒಂದೇ ನಿಂದು.' ಅಪ್ಪ ಬೀಗದ ಕೈಯನ್ನು ಸೀಟಿನ ಮೇಲಿಟ್ಟು ಇಳಿದ. ಬೆಳಿಗ್ಗೆ ಮೊದಲ ಬಸ್ಸಿಗೆ ಮನೆಗೆ ಬಂದ. ಆ ತಿಂಗಳ ಸಂಬಳ ಬರಲಿಲ್ಲ. ವಾರದೊಳಗೆ ಬೇರೆ ಡ್ರೈವರ್ ಸಿಕ್ಕ, ಅಡ್ಜಸ್ಟ್ ಮಾಡಿಕೊಳ್ಳುವವನು.

ಅಂಬಾಸಿಡರ್ ಹೋಗಿ ಜೆಟ್ ಬಂದಿದೆ, ಹಿಂದಿನ ಸೀಟು ಮಾತ್ರ ಅದೇ. ಗಣಿ ದುಡ್ಡಿನಲ್ಲಿ ಹೆಲಿಕಾಪ್ಟರ್ ಹತ್ತಿದವರಿಗೆ ನಮ್ಮ ಪತ್ರಿಕೆಗಳು ಕೊಟ್ಟ ಹೆಸರು ಏನು? ಗಣಿಧಣಿ. ಧಣಿ ಅನ್ನುವ ಮಾತನ್ನು ನಾವು ಹೊಲಗದ್ದೆಯಲ್ಲಿ ಹೂತೆವು ಅಂದುಕೊಂಡಿದ್ದೆವು. ಅದು ರೆಕ್ಕೆ ಕಟ್ಟಿಕೊಂಡು ಮೇಲೆ ಹಾರಿತು.

ಕಾನೂನು ಹೇಳುವುದು ಬೇರೆಯೇ. ವಿಮಾನ ಯಾರದಾದರೂ ಇರಲಿ, ಹಾರಾಟದಲ್ಲಿರುವಾಗ ಕಡೆಯ ಮಾತು ಪೈಲಟ್-ಇನ್-ಕಮಾಂಡ್‌ನದು. ಜಗತ್ತಿನ ವಿಮಾನಯಾನವೆಲ್ಲ ಒಪ್ಪಿಕೊಂಡ ನಿಯಮ ಇದು, ನಮ್ಮಲ್ಲಿಯೂ ಇದೇ. ಒಡೆಯ ಹಿಂದೆ, ಆಳು ಮುಂದೆ, ಅಧಿಕಾರ ಆಳಿನ ಕೈಯಲ್ಲಿ. ನಮ್ಮ ಊರುಗಳ ಯಾವ ಜಗಲಿಯ ಮೇಲೂ ಇಂಥ ಏರ್ಪಾಡು ಇಲ್ಲ. ಆದ್ದರಿಂದಲೇ ಧಣಿಗಳಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. ಕೆಳಗಿಳಿದ ಮೇಲೆ ಕೆಲಸದಿಂದ ತೆಗೆಯುವ ಅಧಿಕಾರ ತಮ್ಮದೇ ಅಲ್ಲವೇ, ಆ ಬೆದರಿಕೆಯನ್ನು ಮೇಲೆಯೂ ಬಳಸುತ್ತಾರೆ.

ಇದರ ಬೆಲೆ ಏನೆಂದು ಕೇಳುವವರು ಅಮೆರಿಕದ ಒಂದು ತನಿಖಾ ವರದಿ ಓದಬೇಕು. 2001ರ ಮಾರ್ಚ್ 29. ಲಾಸ್ ಏಂಜಲಿಸ್‌ನಿಂದ ಬೆಟ್ಟಗಳ ನಡುವಿನ ಆಸ್ಪೆನ್‌ಗೆ ಒಂದು ಬಾಡಿಗೆ ಗಲ್ಫ್‌ಸ್ಟ್ರೀಮ್ ಜೆಟ್. ಗಿರಾಕಿಯ ಕಡೆಯವರು ಬಂದದ್ದೇ ತಡವಾಗಿ. ಆಸ್ಪೆನ್‌ನಲ್ಲಿ ಕತ್ತಲಾದ ಮೇಲೆ ಇಳಿಯುವಂತಿಲ್ಲ, ಬೇರೆ ಕಡೆ ಇಳಿಯಬೇಕಾದೀತು ಎಂಬ ಮಾತು ಕಿವಿಗೆ ಬಿದ್ದದ್ದೇ ಗಿರಾಕಿ ಸಿಡಿದ. ತನ್ನ ಮಾತನ್ನು ತನ್ನಲ್ಲೇ ಇಟ್ಟುಕೊಳ್ಳಲಿ ಎಂದು ಪೈಲಟ್‌ಗೆ ತಿಳಿಸುವಂತೆ ಕಂಪನಿಗೆ ಫೋನ್ ಮಾಡಿಸಿದ. ಪೈಲಟ್ ಇಟ್ಟುಕೊಂಡ. ಮುಸ್ಸಂಜೆ, ಹಿಮ, ರನ್‌ವೇ ಕಾಣುತ್ತಿಲ್ಲ; ಆದರೂ ಇಳಿಯಬಾರದಷ್ಟು ಕೆಳಗೆ ಇಳಿದರು. ಹದಿನೆಂಟು ಜನ ಸತ್ತರು, ಗಿರಾಕಿಯೂ ಅವರಲ್ಲೊಬ್ಬ. ತಪ್ಪು ಪೈಲಟ್‌ಗಳದು ಎಂದಿತು ತನಿಖಾ ಮಂಡಳಿ. ಗಿರಾಕಿ ಹೇರಿದ ಒತ್ತಡವೂ ಕಾರಣಗಳಲ್ಲೊಂದು ಎಂದು ಅದೇ ವರದಿಯಲ್ಲಿ ಬರೆಯಿತು.

ಬೈದರೆ ಮಾತ್ರ ಒತ್ತಡ ಎಂದುಕೊಳ್ಳಬೇಡಿ. 2020ರ ಜನವರಿ 26ರಂದು ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್, ಅವನ ಹದಿಮೂರು ವರ್ಷದ ಮಗಳು ಸೇರಿ ಒಂಬತ್ತು ಮಂದಿ ಕ್ಯಾಲಬಾಸಸ್ ಗುಡ್ಡದಲ್ಲಿ ಹೆಲಿಕಾಪ್ಟರ್ ಬಿದ್ದು ಸತ್ತರು. ಪೈಲಟ್ ಅವನನ್ನು ಎಷ್ಟೋ ಸಲ ಕರೆದೊಯ್ದವನು, ನಂಬಿಕೆಯವನು. ಕಣ್ಣಿಗೆ ಕಂಡಷ್ಟೇ ದಾರಿಯಲ್ಲಿ ಹೋಗಬೇಕಾದ ಹಾರಾಟ ಮೋಡದೊಳಕ್ಕೆ ಹೊಕ್ಕಿತು, ಮೇಲು ಕೆಳಗಿನ ಅಂದಾಜು ತಪ್ಪಿತು. ಕೋಬಿಯಾಗಲಿ ಕಂಪನಿಯಾಗಲಿ ಒತ್ತಾಯಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಒತ್ತಡ ಬಹುಶಃ ಪೈಲಟ್ ತಾನೇ ತನ್ನ ಮೇಲೆ ಹೇರಿಕೊಂಡದ್ದು ಎಂದಿತು ತನಿಖೆ. ಈ ಸಾಲು ಓದಿ ನಾನು ವರದಿ ಮುಚ್ಚಿ ಕೂತಿದ್ದೆ. ಜೀತ ಪೂರ್ತಿಯಾಗಿ ಮೈಗಿಳಿದ ಮೇಲೆ ಧಣಿ ಬಾಯಿ ಬಿಡಬೇಕಾದ ಅಗತ್ಯವೇ ಇಲ್ಲ. ದೊಡ್ಡವರಿಗೆ ಬೇಸರವಾಗಬಾರದು ಎಂಬ ಒಂದೇ ಯೋಚನೆ ಸಾಕು, ಸ್ಟಿಯರಿಂಗ್ ತಾನಾಗಿ ಮಂಜಿನ ಕಡೆ ತಿರುಗುತ್ತದೆ.

'ಇವರು ನಮ್ಮ ಹುಡುಗರು, ಮನೆಯವರ ಹಾಗೆ' ಎಂದು ಬೀಗುವವರಿಗೂ ಒಂದು ಕತೆ ಇದೆ. ಫಿಲಡೆಲ್ಫಿಯಾದ ಪತ್ರಿಕೆಯೊಂದರ ಒಡೆಯರಲ್ಲೊಬ್ಬನಾದ ಲೂಯಿಸ್ ಕಾಟ್ಜ್‌ಗೆ ಸ್ವಂತ ಗಲ್ಫ್‌ಸ್ಟ್ರೀಮ್ ಇತ್ತು. 2014ರ ಮೇ 31ರ ರಾತ್ರಿ ಬೆಡ್‌ಫರ್ಡ್‌ನಲ್ಲಿ ಅದು ನೆಲ ಬಿಟ್ಟು ಏಳಲೇ ಇಲ್ಲ, ರನ್‌ವೇ ದಾಟಿ ಹೋಗಿ ಉರಿದುಹೋಯಿತು. ಏಳು ಸಾವು. ನಿಂತ ವಿಮಾನದ ರೆಕ್ಕೆ-ಬಾಲದ ಭಾಗಗಳು ಗಾಳಿಗೆ ಬಡಿದುಕೊಳ್ಳದಂತೆ ಹಾಕುವ ಬೀಗವೊಂದಿರುತ್ತದೆ, ಗಸ್ಟ್ ಲಾಕ್. ಅದನ್ನು ತೆಗೆದೇ ಇರಲಿಲ್ಲ. ಇಬ್ಬರೂ ಪೈಲಟ್‌ಗಳು ಅನುಭವಿಗಳು, ವರ್ಷಗಟ್ಟಲೆ ಜೊತೆಗೇ ಹಾರಿದವರು. ತನಿಖೆಯವರು ಆ ವಿಮಾನದ ಹಿಂದಿನ 175 ಹಾರಾಟಗಳ ದಾಖಲೆ ತೆಗೆದು ನೋಡಿದರೆ ಶೇ 98ರಷ್ಟು ಸಲ ಹೊರಡುವ ಮುಂಚಿನ ಕಂಟ್ರೋಲ್ ತಪಾಸಣೆಯನ್ನು ಪೂರ್ತಿ ಮಾಡಿಯೇ ಇರಲಿಲ್ಲ. ಏರ್‌ಲೈನ್‌ನಲ್ಲಾದರೆ ಇವತ್ತು ಒಬ್ಬರ ಜೊತೆ, ನಾಳೆ ಇನ್ನೊಬ್ಬರ ಜೊತೆ ಕೂರಬೇಕು, ಯಾರಾದರೂ 'ಇದೇನ್ರೀ ಬಿಟ್ರಿ' ಅನ್ನುತ್ತಾರೆ. ಮನೆಯವರ ಹಾಗೆ ಇದ್ದಲ್ಲಿ ಅನ್ನುವವರು ಯಾರು?

ಇನ್ನು ನಮ್ಮವರೇ ಆದ ವಿಜಯ್ ಮಲ್ಯ. ಕರ್ನಾಟಕದ ಶಾಸಕರು ಎರಡು ಸಲ ರಾಜ್ಯಸಭೆಗೆ ಆರಿಸಿ ಕಳಿಸಿದ ಮಹನೀಯರು. ಏರ್‌ಲೈನ್‌ನಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಜನ ಕೂರುವ ಏರ್‌ಬಸ್ ಎ319 ವಿಮಾನ ಈ ಒಬ್ಬ ಧಣಿಯ ಓಡಾಟಕ್ಕೆ. ಬಾಲದ ಮೇಲಿನ ನೋಂದಣಿಯಲ್ಲೂ ಅವರ ಹೆಸರಿನ ಅಕ್ಷರಗಳೇ, ವಿಟಿ-ವಿಜೆಎಂ. ಅತ್ತ ಅವರದೇ ಕಿಂಗ್‌ಫಿಷರ್ ಏರ್‌ಲೈನ್ಸಿನ ಪೈಲಟ್‌ಗಳು, ಎಂಜಿನಿಯರ್‌ಗಳು 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದು ಕೊನೆಗೆ ಕೆಲಸ ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಕಂಪನಿಯೇ ನೆಲ ಕಚ್ಚಿತು. ಅದೇ ತಿಂಗಳು ದೆಹಲಿಯಲ್ಲಿ ಅದರ ನೌಕರನೊಬ್ಬನ ಹೆಂಡತಿ ಆತ್ಮಹತ್ಯೆ ಮಾಡಿಕೊಂಡಳು. ಗಂಡನಿಗೆ ಸಂಬಳ ಬಂದಿಲ್ಲ ಎಂಬ ಸಂಕಟ ಅವಳ ಚೀಟಿಯಲ್ಲಿತ್ತು. ಡಿಸೆಂಬರ್‌ನಲ್ಲಿ ಧಣಿಗಳು ತಮ್ಮ ಹುಟ್ಟುಹಬ್ಬಕ್ಕೆ ತಿರುಪತಿ ತಿಮ್ಮಪ್ಪನಿಗೆ ಮೂರು ಕೆಜಿ ಚಿನ್ನ ಒಪ್ಪಿಸಿದರು. ಆಮೇಲೆ ಆ ಏರ್‌ಬಸ್ಸನ್ನು ಸೇವಾ ತೆರಿಗೆ ಇಲಾಖೆ ಮುಟ್ಟುಗೋಲು ಹಾಕಿಕೊಂಡು ಹಲವು ಸಲ ಹರಾಜು ಕೂಗಿ, 2018ರಲ್ಲಿ ಸುಮಾರು 35 ಕೋಟಿಗೆ ಮಾರಿತು. ಅಷ್ಟರಲ್ಲಿ ಧಣಿಗಳು ದೇಶದಲ್ಲಿರಲಿಲ್ಲ. 2016ರ ಮಾರ್ಚ್‌ನಲ್ಲಿ ಅವರು ಲಂಡನ್ನಿಗೆ ಹೋದದ್ದು ಟಿಕೆಟ್ ಕೊಂಡು, ಎಲ್ಲರೂ ಹತ್ತುವ ವಿಮಾನದಲ್ಲಿ. ಸಂಬಳ ನಂದು ಅನ್ನುವ ಬಾಯಿಗೆ ಸಂಬಳ ಕೊಡುವುದು ನೆನಪಿರುವುದಿಲ್ಲ.

ಹಾಗಾದರೆ ಪೈಲಟ್ ಯಾಕೆ ತಲೆ ಬಗ್ಗಿಸುತ್ತಾನೆ? ಲೆಕ್ಕ ಹಾಕಿ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಅಷ್ಟಕ್ಕೆ ಈಗ ಅರ್ಧ ಕೋಟಿಯ ಆಸುಪಾಸು ಬೇಕು. ಅದರ ಮೇಲೆ ಒಂದೊಂದು ಮಾದರಿಯ ವಿಮಾನಕ್ಕೂ ಟೈಪ್ ರೇಟಿಂಗ್, ಅದಕ್ಕೆ ಇನ್ನಷ್ಟು ಲಕ್ಷ. ಅಪ್ಪನ ಸೈಟು, ಅಮ್ಮನ ಒಡವೆ ಬ್ಯಾಂಕಿನಲ್ಲಿರುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಶುರುವಾಯಿತು. ಅದರ ಸುತ್ತ ಎದ್ದ ಅಪಾರ್ಟ್‌ಮೆಂಟುಗಳ ಎತ್ತರದ ಬಗ್ಗೆ ನಡೆದಷ್ಟು ಚರ್ಚೆ, ಕೂಲಿಯವರ ಮಗಳು ಅಲ್ಲಿ ಹೇಗೆ ಹಾರಲು ಕಲಿತಾಳು ಎಂಬ ಬಗ್ಗೆ ನಡೆದದ್ದನ್ನು ನಾನು ಕಂಡಿಲ್ಲ. ಸಾಲ ಹೊತ್ತ ಹುಡುಗ ಲೈಸೆನ್ಸ್ ಕೈಯಲ್ಲಿ ಹಿಡಿದು ವರ್ಷ ಎರಡು ವರ್ಷ ಕಾಯುತ್ತಾನೆ. ಆಗ ಜೆಟ್ ಧಣಿಯೊಬ್ಬ ಕರೆದರೆ ಅವನ ಬಾಯಲ್ಲಿ 'ಆಗಲ್ಲ' ಎಲ್ಲಿಂದ ಬರಬೇಕು? ಕಂತು ಕಟ್ಟುವ ತಾರೀಕು ಗಂಟಲು ಹಿಡಿದಿರುತ್ತದೆ.

ಹಾರುವ ಮುನ್ನ ಪೈಲಟ್ ಕೊಳವೆಗೆ ಊದಬೇಕು. ಹಿಂದಿನ ಹನ್ನೆರಡು ಗಂಟೆಯೊಳಗೆ ಕುಡಿದಿರಬಾರದು. ಸರಿಯಾದ ನಿಯಮ, ನನ್ನ ತಕರಾರಿಲ್ಲ. ಹಿಂದಿನ ಸೀಟಿನ ಅಮಲನ್ನು ಅಳೆಯುವ ಕೊಳವೆ ಇನ್ನೂ ಬಂದಿಲ್ಲ ಅಷ್ಟೆ.

ಸತ್ತ ಮೇಲಾದರೂ ಪೈಲಟ್ ಲೆಕ್ಕಕ್ಕೆ ಸಿಗುತ್ತಾನೆಯೇ? 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಚುನಾವಣಾ ಪ್ರಚಾರಕ್ಕೆಂದು ಜಕ್ಕೂರಿನಿಂದ ಹೊರಟ ಪುಟ್ಟ ವಿಮಾನ ಪಕ್ಕದ ಜಿಕೆವಿಕೆ ಆವರಣದಲ್ಲಿ ಬಿದ್ದು ಉರಿಯಿತು. ನಾಲ್ವರು ಸತ್ತರು. ಅವರಲ್ಲೊಬ್ಬನಾಗಿ ಸುಟ್ಟುಹೋದ ಪೈಲಟ್‌ನ ಹೆಸರು ಕೇಳಿ, ಕನ್ನಡನಾಡಿನಲ್ಲಿ ಎಷ್ಟು ಜನ ಹೇಳುತ್ತಾರೆ? 2001ರಲ್ಲಿ ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ ವಿಮಾನ ಬಿದ್ದು ಸತ್ತರು, 2009ರಲ್ಲಿ ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿ ಹೆಲಿಕಾಪ್ಟರ್ ಬಿದ್ದು. ಆ ಎರಡೂ ಸಲ ತಲಾ ಇಬ್ಬರು ಪೈಲಟ್‌ಗಳೂ ಸತ್ತರು. ತಲೆಬರಹದ ಕೆಳಗಿನ 'ಮತ್ತು ಇತರರು' ಅನ್ನುವ ಮಾತಿನೊಳಗೆ ಅವರ ಸಮಾಧಿ ಇದೆ.

ಅಪ್ಪ ಆಮೇಲೆ ಸರ್ಕಾರಿ ಬಸ್ಸಿಗೆ ಸೇರಿದ. ಅದೇ ಚಾರ್ಮಾಡಿಯಲ್ಲಿ ಮಂಜು ಕವಿದರೆ ಬಸ್ಸು ಬದಿಗೆ ಹಾಕಿ ಬೀಡಿ ಹಚ್ಚುತ್ತಿದ್ದ. ಐವತ್ತು ಜನ ಬೈಯುತ್ತಿದ್ದರು. ಬೈಗುಳ ತಿಂದೂ ಕೂರುತ್ತಿದ್ದ, ಯಾಕೆಂದರೆ ಅವನ ಬೆನ್ನಿಗೆ ಯೂನಿಯನ್ ಇತ್ತು, ಕಾಯಂ ನೌಕರಿ ಇತ್ತು, ಬೈದವರಲ್ಲಿ ಒಬ್ಬರಿಗೂ ಅವನನ್ನು ಮನೆಗೆ ಕಳಿಸುವ ಅಧಿಕಾರ ಇರಲಿಲ್ಲ. ಧೈರ್ಯವಂತ ಅಂತ ನಾವು ಮಕ್ಕಳು ಹೆಮ್ಮೆಪಡುತ್ತಿದ್ದೆವು. ಧೈರ್ಯ ಅವನಿಗೆ ಮೊದಲೂ ಇತ್ತು, ಅದಕ್ಕೆ ಅನ್ನ ಹಾಕುವ ಏರ್ಪಾಡು ಇರಲಿಲ್ಲ. ಧಣಿಯ ಜೆಟ್ಟಿನ ಪೈಲಟ್‌ಗೆ ಇವತ್ತಿಗೂ ಇಲ್ಲ.

ಆದ್ದರಿಂದ ಜೆಟ್ ಕೊಂಡವರೇ, ಪೈಲಟ್ ಆರಿಸುವಾಗ ಜಾತಿ ಕೇಳಬೇಡಿ, ನಾಯಿಯ ವಿಷಯ ಆಮೇಲೆ ಮಾತಾಡಿ. ಲಾಗ್‌ಬುಕ್ ಬಿಚ್ಚಿ. ಅವನು ಕೊನೆಯ ಸಲ ಯಾವಾಗ, ಯಾರ ಮುಖಕ್ಕೆ 'ಇವತ್ತು ಹಾರಲ್ಲ' ಅಂದ ಎಂದು ಕೇಳಿ. ಒಮ್ಮೆಯೂ ಅಂದಿಲ್ಲ ಎಂದರೆ ಅವನನ್ನು ಕಳಿಸಿಬಿಡಿ. ಅಂದದ್ದಕ್ಕೆ ಕೆಲಸ ಹೋಯಿತು ಎಂದರೆ ಅಲ್ಲೇ ಸೇರಿಸಿಕೊಳ್ಳಿ. ಹಾರದೆ ಉಳಿದ ದಿನಕ್ಕೂ ಅದೇ ಸಂಬಳ ಎಂದು ಬರೆದುಕೊಡಿ, 'ಆಗಲ್ಲ' ಅಂದದ್ದಕ್ಕೆ ತೆಗೆಯುವುದಿಲ್ಲ ಎಂದು ಸಹಿ ಹಾಕಿ, ಪ್ರತಿ ವರ್ಷ ಸಿಮ್ಯುಲೇಟರ್ ತರಬೇತಿಗೆ ಕಳಿಸಿ, ಜೊತೆಯ ಪೈಲಟ್‌ನನ್ನು ಆಗಾಗ ಬದಲಿಸಿ. ಅವನು 'ಆಗಲ್ಲ' ಅಂದ ದಿನ ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯಿರಿ.

ಇಷ್ಟು ನಿಮ್ಮಿಂದಾಗದಿದ್ದರೆ ಬಸ್ಸಿಗೆ ಬನ್ನಿ. ಮಂಜು ಕವಿದರೆ ನಮ್ಮ ಡ್ರೈವರ್ ನಿಲ್ಲಿಸುತ್ತಾನೆ.