ಅನ್ಯಲೋಕದ ಕಥೆಗಳಲ್ಲಿ ಪಾತ್ರದಾರಿದ್ರ್ಯ

ನಾಯಕನನ್ನು ಮನೆಯಿಂದ ಹೊರಡಿಸಿ ಅಪರಿಚಿತವಾದ ನೆಲದಲ್ಲಿ ಒಂಟಿಯಾಗಿ ನಿಲ್ಲಿಸುವುದು ಕಥನಕಲೆಯ ಅತಿ ಪ್ರಾಚೀನವಾದ ಉಪಾಯ. ರಾಮನಿಗೆ ವನವಾಸ, ನಳನಿಗೆ ಅಜ್ಞಾತವಾಸ, ಹರಿಶ್ಚಂದ್ರನಿಗೆ ಕಾಶಿಯ ಮಸಣ. ಜಪಾನೀಯರಲ್ಲಿಯೂ ಉರಾಶಿಮಾ ತಾರೋ ಎಂಬ ಬೆಸ್ತನ ಹಳೆಯ ಕಥೆಯೊಂದುಂಟು. ಆಮೆಯೊಂದನ್ನು ಕಾಪಾಡಿದ ಪುಣ್ಯದಿಂದ ಅವನು ಕಡಲಾಳದ ಅರಮನೆಯನ್ನು ಸೇರಿ, ಕೆಲಕಾಲ ಸುಖವಾಗಿದ್ದು ಊರಿಗೆ ಮರಳಿದರೆ, ಅಲ್ಲಿ ನೂರಾರು ವರ್ಷಗಳು ಸಂದುಹೋಗಿರುತ್ತವೆ, ಬಲ್ಲವರೊಬ್ಬರೂ ಉಳಿದಿರುವುದಿಲ್ಲ. ಭಾಗವತದ ಕಕುದ್ಮಿ-ರೇವತಿಯರ ಪ್ರಸಂಗವನ್ನು ಕೇಳಿದವರಿಗೆ ಇದು ಹೊಸದೆನಿಸದು. ಲೋಕವೇ ಬದಲಾದಾಗ ಮನುಷ್ಯನು ಏನಾಗುತ್ತಾನೆ ಎಂಬುದು ಇಂಥ ಕಥೆಗಳೆಲ್ಲದರ ಒಳಗಿನ ಪ್ರಶ್ನೆ.

ಅದೇ ಜಪಾನಿನಲ್ಲಿ ಇಂದು ರಾಶಿರಾಶಿಯಾಗಿ ಹುಟ್ಟಿ, ಮೊಬೈಲಿನ ಮೂಲಕ ಎಲ್ಲ ದೇಶಗಳ ಹುಡುಗರ ಕೈಸೇರುತ್ತಿರುವುದು ‘ಇಸೆಕಾಯಿ’ ಎಂಬ ಜಾತಿಯ ಕಥೆ. ‘ಇ’ ಎಂದರೆ ಬೇರೆ, ‘ಸೆಕಾಯಿ’ ಎಂದರೆ ಲೋಕ. ೨೦೨೪ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕೂಡ ಈ ಪದಕ್ಕೆ ಸ್ಥಾನವನ್ನು ಕೊಟ್ಟಿತು. ‘ಮಾಂಗಾ’ ಎಂದು ಕರೆಯುವ ಅಲ್ಲಿಯ ಚಿತ್ರಕಥೆಗಳಲ್ಲಿ ಇದಕ್ಕೆ ಬಹಳ ಬೇಡಿಕೆ. ಸಾಮಾನ್ಯನಾದ ಯುವಕನೊಬ್ಬನು ಇದ್ದಕ್ಕಿದ್ದಂತೆ ರಾಜರೂ ಮಂತ್ರವಾದಿಗಳೂ ರಾಕ್ಷಸರೂ ಇರುವ ಲೋಕಕ್ಕೆ ಸೆಳೆಯಲ್ಪಡುತ್ತಾನೆ. ಇವುಗಳಲ್ಲಿಯೇ ರಕ್ತ, ದ್ರೋಹ, ದಾಸ್ಯಗಳಿಂದ ತುಂಬಿದ ಕರಾಳವಾದ ಒಂದು ಬಗೆಯುಂಟು. ಇಲ್ಲಿ ವಿಚಾರಿಸಬೇಕಾದದ್ದು ಅದನ್ನು. ಇಂಥದನ್ನು ಪಂಡಿತರು ಮುಟ್ಟಬಹುದೆ ಎಂದು ಹುಬ್ಬೇರಿಸುವವರಿದ್ದಾರೆ. ಹುಡುಗರು ಓದುವುದನ್ನು ತಾವು ಓದದೆಯೇ ಹಳಿಯುವುದು ಉಪಾಧ್ಯಾಯರಿಗೆ ಭೂಷಣವಲ್ಲ.

ಉದಾಹರಣೆಗೆ, ಆನೆಕೋ ಯುಸಾಗಿ ಎಂಬ ಲೇಖನನಾಮದಲ್ಲಿ ೨೦೧೨ರಿಂದ ಹೊರಬಂದು, ಬಳಿಕ ಮಾಂಗಾ ಆಗಿಯೂ ಪ್ರಸಿದ್ಧವಾದ ‘ಗುರಾಣಿವೀರನ ಉದಯ’ದ ಕಥೆಯನ್ನು ನೋಡಬಹುದು. ಖಡ್ಗ, ಈಟಿ, ಬಿಲ್ಲು, ಗುರಾಣಿಗಳ ಒಡೆಯರಾಗಿ ನಾಲ್ವರು ಯುವಕರು ಅನ್ಯಲೋಕಕ್ಕೆ ಕರೆಯಲ್ಪಡುತ್ತಾರೆ. ಗುರಾಣಿಯವನಾದ ನವೋಫುಮಿಯನ್ನು ಆ ದೇಶದ ರಾಜಕುಮಾರಿ ಮಾಲ್ಟಿಯು ಸಂಗಾತಿಯಂತೆ ನಟಿಸಿ ದೋಚುತ್ತಾಳೆ. ಸಾಲದುದಕ್ಕೆ ಮಾನಭಂಗದ ಸುಳ್ಳು ಆಪಾದನೆಯನ್ನೂ ಹೊರಿಸುತ್ತಾಳೆ. ಊರೆಲ್ಲ ಉಗಿದ ಮೇಲೆ ಅವನಿಗೆ ಉಂಡದ್ದರ ರುಚಿಯೂ ತಿಳಿಯದಾಗುತ್ತದೆ. ಇಷ್ಟರವರೆಗೆ ಕಥೆಯಲ್ಲಿ ಸತ್ತ್ವವಿದೆ. ಅನಂತರ ಅವನು ಸ್ವತಂತ್ರರಾದವರಾರನ್ನೂ ನಂಬಲಾರದೆ, ದ್ರೋಹಮಾಡಲು ಸಾಧ್ಯವೇ ಇಲ್ಲದ ಜೀವವೊಂದನ್ನು ಹಣಕೊಟ್ಟು ತರುತ್ತಾನೆ. ರಫ್ತಾಲಿಯಾ ಎಂಬ ಆ ಬಾಲೆ ಹೆತ್ತವರನ್ನು ಕಳೆದುಕೊಂಡವಳು, ಇರುಳಲ್ಲಿ ಚೀರಿ ಏಳುವವಳು. ಮೈಮೇಲೆ ದಾಸ್ಯದ ಮಂತ್ರಮುದ್ರೆಯನ್ನು ಹೊತ್ತವಳು. ನೊಂದವನೊಬ್ಬನು ಇನ್ನೊಬ್ಬ ನೊಂದವಳಿಗೆ ಒಡೆಯನಾಗುವುದು ಎಂಥ ಕವಿಗೂ ಸವಾಲಾದ ಸನ್ನಿವೇಶ. ಕಥೆಗಾರನು ಮಾಡುವುದೇನು? ಕಾಳಗದ ಅಂಕಗಳು ಏರಿದಂತೆಲ್ಲ ಆಕೆಯ ಜಾತಿಯವರ ದೇಹವೂ ಬೆಳೆಯುತ್ತದೆಯೆಂಬ ನಿಯಮವನ್ನು ಕಲ್ಪಿಸಿ, ಕೆಲವೇ ದಿನಗಳಲ್ಲಿ ಬಾಲೆಯನ್ನು ತರುಣಿಯನ್ನಾಗಿಸುತ್ತಾನೆ. ಮನಸ್ಸು ಬೆಳೆಯಬೇಕಾದ ಕಡೆ ಮೈ ಬೆಳೆಯಿತು!

ಮುಂದೆ ಒಂದು ದ್ವಂದ್ವಯುದ್ಧದ ಕೊನೆಯಲ್ಲಿ ಆ ಮುದ್ರೆಯನ್ನು ಅಳಿಸಿ ಆಕೆಯನ್ನು ಬಿಡಿಸುತ್ತಾರೆ. ಬಿಡುಗಡೆಯಾದವಳು ತಾನಾಗಿಯೇ ನವೋಫುಮಿಯ ಬಳಿ ನಿಂತು ಅವನನ್ನು ನಂಬುವುದಾಗಿ ಹೇಳುತ್ತಾಳೆ, ಅವನು ಅಳುತ್ತಾನೆ, ಅವನಿಗೆ ಅನ್ನದ ರುಚಿ ಮರಳುತ್ತದೆ. ಇಡೀ ಕೃತಿಯಲ್ಲಿ ಇಷ್ಟು ಹೃದ್ಯವಾದ ಭಾಗ ಮತ್ತೊಂದಿಲ್ಲವೆಂದರೂ ಸಲ್ಲುತ್ತದೆ. ಆದರೆ ಮರುಘಳಿಗೆಯಲ್ಲಿ ಕಥೆಗಾರನು ತಾನು ಕಟ್ಟಿದ್ದನ್ನು ತಾನೇ ಕೆಡವುತ್ತಾನೆ. ಆಕೆ ಆ ದಾಸ್ಯದ ಮುದ್ರೆಯನ್ನು ಮತ್ತೆ ಹಾಕಿಸಬೇಕೆಂದು ಬೇಡುತ್ತಾಳೆ! ಸಿಕ್ಕಿದ ಸ್ವಾತಂತ್ರ್ಯವನ್ನು ಆಕೆ ಒಮ್ಮೆ ಬಳಸಿ ಹಿಂತಿರುಗಿಸಿಬಿಟ್ಟಳು. ನಾಯಕನ ಅಪನಂಬಿಕೆ ವಾಸಿಯಾಯಿತೆ ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಯಿತು.

೨೦೧೩ರಲ್ಲಿ ಮೊದಲಾದ ‘ಅರಿಫುರೆತಾ’ದಲ್ಲಿ ಈ ದೋಷ ಇನ್ನೂ ಬತ್ತಲೆಯಾಗಿದೆ. ಸೌಮ್ಯನಾದ ವಿದ್ಯಾರ್ಥಿ ಹಾಜಿಮೆಯನ್ನು ಸಹಪಾಠಿಯೊಬ್ಬನು ಪಾತಾಳಕ್ಕೆ ಬೀಳಿಸುತ್ತಾನೆ. ಅಲ್ಲಿ ಅವನು ಎಡಗೈಯನ್ನು ಕಳೆದುಕೊಂಡು, ಮೃಗಗಳ ವಿಷಮಾಂಸವನ್ನು ತಿಂದು ಬದುಕುತ್ತಾನೆ. ಕೂದಲು ಬೆಳ್ಳಗಾಗುತ್ತದೆ, ಮಾತು ಒರಟಾಗುತ್ತದೆ, ಬಲ ನೂರ್ಮಡಿಯಾಗುತ್ತದೆ. ಅಲ್ಲಿಗೆ ಹಳೆಯ ಹಾಜಿಮೆ ಮುಗಿದ. ಆ ಸೌಮ್ಯತೆಗೂ ಈ ಕ್ರೌರ್ಯಕ್ಕೂ ನಡುವೆ ಅವನೊಳಗೆ ನಡೆಯಬೇಕಾಗಿದ್ದ ಹೋರಾಟ ಕೆಲವೇ ಪುಟಗಳಲ್ಲಿ ತೀರಿತು. ವೇಷ ಬದಲಾದುದನ್ನೇ ಪಾತ್ರ ಬದಲಾಯಿತೆಂದು ಓದುಗನು ಒಪ್ಪಬೇಕು.

ಈ ಕಥೆಗಾರರ ಮೂಲಭೂತವಾದ ತಪ್ಪು ಇದು: ಪಾತ್ರಕ್ಕೆ ಒದಗಿದ ನೋವನ್ನೇ ಅವರು ಪಾತ್ರವೆಂದು ಭ್ರಮಿಸಿದ್ದಾರೆ. ರಾಘವಾಂಕನ ಹರಿಶ್ಚಂದ್ರನು ಪಟ್ಟ ಪಾಡು ಇವರಾರ ಪಾಡಿಗಿಂತಲೂ ಕಡಮೆಯದಲ್ಲ. ರಾಜ್ಯ ಹೋಯಿತು, ಹೆಂಡತಿ ಮಕ್ಕಳನ್ನು ಮಾರಿದ, ಮಗ ಸತ್ತ. ಆದರೆ ಒಂದು ಸುಳ್ಳಾಡಿದ್ದರೆ ಅವನಿಗೆ ಬಿಡುಗಡೆಯಿತ್ತು. ಬಾಗಿಲು ತೆರೆದೇ ಇದ್ದು ಅವನು ಹೊರಕ್ಕೆ ಕಾಲಿಡಲಿಲ್ಲವಾದ್ದರಿಂದ ಆ ನೋವು ಅವನ ಗುಣವನ್ನು ತೋರಿಸುತ್ತದೆ. ನವೋಫುಮಿ, ಹಾಜಿಮೆಯರಿಗೆ ಅಂಥ ಆಯ್ಕೆಯೊಂದು ಎದುರಾಗುವುದೇ ಅಪರೂಪ. ಮೊದಲ ಅಧ್ಯಾಯದಲ್ಲಿ ಅವರು ತಿಂದ ಪೆಟ್ಟು ಮುಂದಿನ ಎಲ್ಲ ಅಧ್ಯಾಯಗಳಿಗೂ ಪರವಾನಗಿಯಾಗಿಬಿಡುತ್ತದೆ.

ಪ್ರತಿನಾಯಕರ ಗತಿ ಇನ್ನೂ ಶೋಚನೀಯ. ಮಾಲ್ಟಿ ಹಾಗೇಕೆ ನಡೆದುಕೊಂಡಳು? ಕೆಟ್ಟವಳಾದ್ದರಿಂದ ಎಂಬುದಕ್ಕಿಂತ ಗಾಢವಾದ ಉತ್ತರ ದೊರೆಯದು. ಕಡೆಗೆ ಅವಳಿಗೆ ವಿಧಿಸುವ ಶಿಕ್ಷೆಯೂ ಅಷ್ಟೇ ಅಗ್ಗವಾದದ್ದು. ಅವಳ ಹೆಸರನ್ನೇ ತೆಗೆದು ಒಂದು ಬೈಗುಳನ್ನು ಹೆಸರಾಗಿ ಇಡುತ್ತಾರೆ. ರನ್ನನ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತ ಶತ್ರುಪಕ್ಷದ ಅಭಿಮನ್ಯುವಿನ ಮುಂದೆ ನಿಂತು ಮೆಚ್ಚಿ ಮರುಗುತ್ತಾನೆ. ಅವನು ಮಾಡಿದ ಅನ್ಯಾಯವನ್ನು ಕವಿ ಮರೆಸಲಿಲ್ಲ. ಅವನಿಗೊಂದು ಮನಸ್ಸನ್ನು ಮಾತ್ರ ಕೊಟ್ಟ.

ಇಂಥ ಬಡತನಕ್ಕೆ ಕಾರಣಗಳಿಲ್ಲದಿಲ್ಲ. ೨೦೦೪ರಲ್ಲಿ ಆರಂಭವಾದ ‘ಶೋಸೆತ್ಸುಕಾ ನಿ ನಾರೋ’ ಎಂಬ ಜಪಾನೀ ಜಾಲತಾಣದಲ್ಲಿ ಯಾರು ಬೇಕಾದರೂ ಕಾದಂಬರಿಯನ್ನು ಕಂತುಕಂತಾಗಿ ಪ್ರಕಟಿಸಬಹುದು. ಓದುಗರ ಅಂಕಗಳಿಂದ ಅದರ ಸ್ಥಾನ ನಿರ್ಧಾರವಾಗುತ್ತದೆ. ಮೇಲೇರಿದ್ದನ್ನು ಪ್ರಕಾಶಕರು ಪುಸ್ತಕವಾಗಿಸುತ್ತಾರೆ. ಮತ್ತೆ ಅದು ಮಾಂಗಾ ಆಗುತ್ತದೆ, ಚಲಿಸುವ ಚಿತ್ರವಾಗುತ್ತದೆ. ಸಾವಿರಾರು ಕಥೆಗಳ ಸಂತೆಯಲ್ಲಿ ಮೊದಲ ಕಂತಿನಲ್ಲಿಯೇ ಕೂಗಿ ಕರೆಯದಿದ್ದರೆ ಗಿರಾಕಿ ಮುಂದಕ್ಕೆ ಹೋಗುತ್ತಾನೆ. ದ್ರೋಹಕ್ಕಿಂತ ದೊಡ್ಡ ಕೂಗು ಯಾವುದಿದೆ? ಇದರೊಡನೆ ವಿಡಿಯೋ ಆಟಗಳ ಪ್ರಭಾವವೂ ಸೇರಿದೆ. ನಾಯಕನ ಬಲ, ವೇಗ, ರಕ್ಷಣೆಗಳು ಗಾಳಿಯಲ್ಲಿ ತೇಲುವ ಪಟ್ಟಿಯೊಂದರಲ್ಲಿ ಸಂಖ್ಯೆಗಳಾಗಿ ಕಾಣಿಸುತ್ತವೆ. ಪಶ್ಚಾತ್ತಾಪಕ್ಕೆ ಆ ಪಟ್ಟಿಯಲ್ಲಿ ಅಂಕಣವಿಲ್ಲ. ಒಂದೇ ಅಚ್ಚಿನ ಕಥೆಗಳಿಂದ ಜಪಾನೀಯರಿಗೇ ಬೇಸರವಾಗಿ, ೨೦೧೬ರ ಸಣ್ಣಕಥಾಸ್ಪರ್ಧೆಯೊಂದರಲ್ಲಿಯೂ ೨೦೧೭ರಲ್ಲಿ ಕಾದೋಕಾವಾ ಪ್ರಕಾಶನದ ಕಾದಂಬರಿ ಸ್ಪರ್ಧೆಯೊಂದರಲ್ಲಿಯೂ ಅನ್ಯಲೋಕದ ಕಥೆಗಳಿಗೆ ಪ್ರವೇಶವನ್ನೇ ನಿಷೇಧಿಸಿದ್ದುಂಟು. ನಿಷೇಧದಿಂದ ಪಾತ್ರಗಳು ಸುಧಾರಿಸುತ್ತವೆಯೆಂದು ನಂಬುವುದು ಕಷ್ಟ.

ಈ ಕಥೆಗಳು ಒಂಟಿ ಹುಡುಗರಿಗೆ ಸಮಾಧಾನವನ್ನು ಕೊಡುತ್ತವೆಂಬುದು ಅವುಗಳ ಪಕ್ಷಪಾತಿಗಳ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಸಹಪಾಠಿಗಳ ಹಿಂಸೆಯನ್ನು ಹಲ್ಲುಕಚ್ಚಿ ಸಹಿಸುವ, ಯಾರೊಡನೆಯೂ ಹೇಳಿಕೊಳ್ಳಲಾರದ ಹುಡುಗನು ಯಾವ ಶಾಲೆಯಲ್ಲಿಲ್ಲ? ಅನ್ಯಾಯಕ್ಕೊಳಗಾದ ನವೋಫುಮಿಯಲ್ಲಿ ಅವನು ತನ್ನನ್ನೇ ಕಾಣುತ್ತಾನೆ. ಅಂಥವನಿಗೇ ಈ ಕಥೆ ಹೇಳುವುದೇನೆಂದರೆ, ನಿನ್ನನ್ನು ನೋಯಿಸಿದವರಿಗೆ ಮನಸ್ಸೆಂಬುದಿಲ್ಲ, ನಿನ್ನನ್ನು ಪ್ರೀತಿಸುವವರನ್ನು ಕೊಂಡು ತರಬೇಕು, ನೀನು ಇನ್ನು ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂದು. ಗಾಯಕ್ಕೆ ಮದ್ದೆಂದು ಹೋದವನಿಗೆ ಉಪ್ಪನ್ನು ಕಟ್ಟಿಕೊಟ್ಟಂತಾಯಿತು.

ಜಾತಿಯೇ ಕೆಟ್ಟದ್ದೆನ್ನುವುದು ಮಾತ್ರ ಅನ್ಯಾಯ. ೨೦೧೨ರಲ್ಲಿ ಅದೇ ಜಾಲತಾಣದಲ್ಲಿ ತಪ್ಪೇಯಿ ನಾಗತ್ಸುಕಿ ಆರಂಭಿಸಿದ ‘ರೀ ಜೀರೋ’ದ ಸುಬಾರು, ಸತ್ತಾಗಲೆಲ್ಲ ಹಿಂದಿನ ಗಳಿಗೆಗೆ ಮರಳಿ ಬರುವ ಶಾಪವುಳ್ಳವನು, ಅದನ್ನು ಯಾರಿಗೂ ಹೇಳುವಂತಿಲ್ಲ. ಎಮಿಲಿಯಾ ಎಂಬಾಕೆಗಾಗಿ ಹಲವು ಸಲ ಸತ್ತವನು, ಆಕೆ ಬೇಡವೆಂದರೂ ರಾಜಸಭೆಗೆ ನುಗ್ಗಿ ನಗೆಪಾಟಲಾಗಿ, ಯೋಧನೊಬ್ಬನಿಂದ ಏಟುತಿಂದು, ಕೊನೆಗೆ ತಾನು ಮಾಡಿದ ಉಪಕಾರಗಳನ್ನೆಲ್ಲ ಆಕೆಯ ಮುಂದೆ ಸಾಲಪತ್ರದಂತೆ ಓದುತ್ತಾನೆ. ಆಕೆ ಅವನನ್ನು ಬಿಟ್ಟು ಹೊರಡುತ್ತಾಳೆ. ಅವನ ನೋವೆಲ್ಲ ನಿಜ, ಆದರೂ ತಪ್ಪು ಅವನದೇ. ಇಲ್ಲಿ ಕಥೆಗಾರನು ನಾಯಕನ ವಕೀಲನಾಗಲಿಲ್ಲ.

ಇನ್ನೂ ಹಿಂದಿನದೊಂದು ನಿದರ್ಶನವಿದೆ. ‘ಕ್ಲಾಂಪ್’ ಎಂಬ ಕಲಾವಿದೆಯರ ತಂಡ ಹುಡುಗಿಯರ ಮಾಸಪತ್ರಿಕೆಯೊಂದರಲ್ಲಿ ೧೯೯೩ರಿಂದ ಪ್ರಕಟಿಸಿದ ‘ಮ್ಯಾಜಿಕ್ ನೈಟ್ ರೇಅರ್ತ್’ ಎಂಬ ಮಾಂಗಾ ಅದು. ಟೋಕಿಯೋ ಗೋಪುರವನ್ನು ನೋಡಹೋದ ಹಿಕಾರು, ಉಮಿ, ಫೂ ಎಂಬ ಶಾಲಾಬಾಲಿಕೆಯರನ್ನು ಎಮರೋಡ್ ಎಂಬ ರಾಜಕುಮಾರಿ ತನ್ನ ಲೋಕಕ್ಕೆ ಕರೆಸಿಕೊಳ್ಳುತ್ತಾಳೆ. ಜಗಾತೋ ಎಂಬವನ ಸೆರೆಯಿಂದ ಆಕೆಯನ್ನು ಬಿಡಿಸುವುದು ತಮ್ಮ ಕೆಲಸವೆಂದು ತಿಳಿದು ಅವರು ಅವನನ್ನು ಕೊಲ್ಲುತ್ತಾರೆ. ಆಮೇಲೆ ತಿಳಿಯುವುದು: ಆಕೆಯ ಪ್ರಾರ್ಥನೆಯೇ ಆ ಲೋಕಕ್ಕೆ ಆಧಾರಸ್ತಂಭ, ಜಗಾತೋವನ್ನು ಪ್ರೀತಿಸಿದ ಮೇಲೆ ಲೋಕಕ್ಕಾಗಿ ಮಾತ್ರ ಪ್ರಾರ್ಥಿಸಲಾರದೆ, ತನ್ನನ್ನು ಕೊಲ್ಲಲೆಂದೇ ಆಕೆ ಇವರನ್ನು ಕರೆಸಿದ್ದಳು. ಆಕೆಯನ್ನು ಉಳಿಸಲಾಗದೆ ಅವರು ಅದನ್ನೂ ಮಾಡುತ್ತಾರೆ. ಮರಳಿ ಟೋಕಿಯೋ ಗೋಪುರದಲ್ಲಿ ನಿಂತಾಗ ಆ ಮೂವರಲ್ಲಿ ಯಾರೂ ಗೆದ್ದೆವೆನ್ನುವುದಿಲ್ಲ. ಕಣ್ಣೀರು ಸುರಿಸುತ್ತ ನಿಲ್ಲುತ್ತಾರೆ.